ಮೂರು ಇಂಚು ನಲವತ್ತೆರಡು ಸೆಂಟ್ಸ್

ಆಷಾಢದ ಬೆಳಿಗ್ಗೆ ಎಂಟೂಕಾಲು. ಕಳಸದಿಂದ ಸಂಸೆ ಕಡೆಯ ರಸ್ತೆಯಲ್ಲಿ ಬಂದು, ಒಳಕ್ಕೆ ತಿರುಗಿ, ಎರಡು ಹಳ್ಳ ದಾಟಿದ ಜೀಪು ನಿಮ್ಮನ್ನು ತೋಟದ ಆಫೀಸಿನ ಮುಂದೆ ಇಳಿಸಿ ಹೋಗಿದೆ. ಹೆಬ್ಬಾಳೆ ಸೇತುವೆಯ ಮೇಲೆ ಭದ್ರೆ ಹರಿಯುತ್ತಿದೆ, ಹೊರನಾಡಿಗೆ ಹೋಗುವವರು ಸುತ್ತು ಹಾಕಬೇಕು ಎಂದು ಡ್ರೈವರ್ ದಾರಿಯಲ್ಲಿ ಹೇಳಿದ್ದರು. ಸಿಲ್ವರ್ ಓಕ್ ಮರಗಳ ತುದಿ ಮಂಜಿನಲ್ಲಿ ಕಾಣುತ್ತಿಲ್ಲ. ಬೂಟಿನ ಮೇಲೆ ಆಗಲೇ ಎರಡು ಇಂಬಳ ಹತ್ತಿವೆ. ಬ್ಯಾಗಿನೊಳಗೆ ಪ್ಲಾಸ್ಟಿಕ್ ಸುತ್ತಿದ ಲ್ಯಾಪ್‌ಟಾಪ್. ಬಂದಿರುವ ಕೆಲಸ ಹೇಳಲು ಸುಲಭ: ಈ ಆಫೀಸಿನ ಕಂಪ್ಯೂಟರಿನಲ್ಲಿರುವ ಎಸ್‌ಕ್ಯುಎಲ್ ಡೇಟಾಬೇಸನ್ನು ಒಂದು ಅನಲಿಟಿಕ್ಸ್ ಪ್ಲಾಟ್‌ಫಾರ್ಮಿಗೆ ಜೋಡಿಸಬೇಕು. ತೋಟದ ಮಳೆ, ಕೊಯ್ಲು ಎರಡೂ ಒಂದೇ ಪರದೆಯಲ್ಲಿ, ಬೆಂಗಳೂರಿನಲ್ಲಿ ಕೂತ ಮಗಳಿಗೂ ಕಾಣಬೇಕು.

ಬಾಗಿಲಲ್ಲಿ ನಿಂತ, ತೋಟದ ಲೆಕ್ಕ ಬರೆಯುವ ರೈಟರ್ ತಲೆಗೆ ಕೊಪ್ಪೆ ಹಾಕಿಕೊಳ್ಳುತ್ತಾ, "ಐದ್ ನಿಮಿಷ ಕೂತ್ಕೊಳ್ಳಿ ಮಾರಾಯ್ರೆ, ಮಳೆ ಅಳತೆ ತಗೊಂಡ್ ಬಂದ್ಬಿಡ್ತೀನಿ" ಅನ್ನುತ್ತಾರೆ. ಕೂರಬೇಡಿ. ಅವರ ಹಿಂದೆಯೇ ನಡೆಯಿರಿ.

ಕಾಫಿ ಕಣದ ಆಚೆ ತುದಿಯಲ್ಲಿ, ಮರದ ಹನಿ ಬೀಳದಷ್ಟು ದೂರದಲ್ಲಿ, ಸಿಮೆಂಟಿನ ಸಣ್ಣ ಕಟ್ಟೆ. ಅದರ ನಡುವೆ ತಾಮ್ರದ ರೈನ್ ಗೇಜ್. ಬಾಯಿ ಐದು ಇಂಚು ಅಗಲ. 1860ರಲ್ಲಿ ಇಂಗ್ಲೆಂಡಿನ ಊರೂರಿನ ಮಳೆ ಲೆಕ್ಕವನ್ನು ಒಂದೆಡೆ ಕೂಡಿಸಲು ಶುರುಮಾಡಿದ ಜಾರ್ಜ್ ಜೇಮ್ಸ್ ಸೈಮನ್ಸ್ ಅವರ ಹೆಸರಿನ ಮಾದರಿ. ರೈಟರ್ ವಾಚು ನೋಡುತ್ತಾರೆ, ಎಂಟು ಇಪ್ಪತ್ತೆಂಟು. ಉಳಿದ ಎರಡು ನಿಮಿಷ ಮಳೆಯಲ್ಲೇ ನಿಲ್ಲುತ್ತಾರೆ. ಎಂಟೂವರೆಗೆ ಸರಿಯಾಗಿ ಆಲಿಕೆ ಎತ್ತಿ, ಒಳಗಿನ ಪಾತ್ರೆ ತೆಗೆದು, ಕೊಪ್ಪೆಯ ಮರೆಯಲ್ಲಿ ಅಳತೆ ಗ್ಲಾಸಿಗೆ ನೀರು ಸುರಿಯುತ್ತಾರೆ. ಗ್ಲಾಸ್ ಹಿಡಿಯುವುದು ಐವತ್ತು ಸೆಂಟ್ಸ್. ನೂರು ಸೆಂಟ್ಸಿಗೆ ಒಂದು ಇಂಚು. ತುಂಬಿದ ಗ್ಲಾಸನ್ನು ಕಣ್ಣಿನ ಮಟ್ಟಕ್ಕೆ ಹಿಡಿದು, ನೀರಿನ ಮೇಲ್ಮೈಯ ನಡುವಿನ ತಗ್ಗು ಯಾವ ಗೆರೆ ಮುಟ್ಟಿದೆ ನೋಡಿ, ಚೆಲ್ಲಿ, ಕಟ್ಟೆಯ ಅಂಚಿನಲ್ಲಿ ಒಂದು ಕಲ್ಲು ಇಡುತ್ತಾರೆ. ಆರು ಕಲ್ಲಾಗುತ್ತವೆ. ಏಳನೆಯ ಸಲ ಗ್ಲಾಸ್ ತುಂಬುವುದಿಲ್ಲ, ನೀರು ನಲವತ್ತೆರಡರ ಗೆರೆಗೆ ನಿಲ್ಲುತ್ತದೆ.

"ಮೂರು ಇಂಚು ನಲವತ್ತೆರಡು."

ಮಿಲಿಮೀಟರಿನಲ್ಲಿ 86.9. ಆದರೆ ಈ ಗುಡ್ಡಗಳಲ್ಲಿ ಮಳೆಯನ್ನು ಯಾರೂ ಮಿಲಿಮೀಟರಿನಲ್ಲಿ ಹೇಳುವುದಿಲ್ಲ. ಮೂಡಿಗೆರೆಯ ಹೋಟೆಲಿನಲ್ಲಿ, ಕೊಪ್ಪದ ಬಸ್‌ಸ್ಟ್ಯಾಂಡಿನಲ್ಲಿ, ಮದುವೆ ಊಟದ ಪಂಕ್ತಿಯಲ್ಲಿ "ನಿಮ್ ಕಡೆ ಎಷ್ಟಾಯ್ತು?" ಎಂದರೆ ಉತ್ತರ ಬರುವುದು ಇಂಚಿನಲ್ಲಿ, ಸೆಂಟ್ಸಿನಲ್ಲಿ.

ಎಂಟೂವರೆ ಎಂಬುದು ರೈಟರ್ ಸ್ವಂತ ಹಟವಲ್ಲ. ಭಾರತೀಯ ಹವಾಮಾನ ಇಲಾಖೆ ದಿನದ ಮಳೆಯನ್ನು ಲೆಕ್ಕ ಹಾಕುವುದೇ ಬೆಳಿಗ್ಗೆ 8:30ರಿಂದ ಮರುದಿನ 8:30ರವರೆಗೆ, ಬರೆಯುವುದು ಅಳತೆ ತೆಗೆದ ದಿನದ ತಾರೀಕಿಗೆ. ಅಂದರೆ ಇವತ್ತಿನ ತಾರೀಕಿನ ಮುಂದೆ ಬರೆದ ಮಳೆಯಲ್ಲಿ ಬಹುಪಾಲು ನಿನ್ನೆ ಹಗಲು ಮತ್ತು ರಾತ್ರಿ ಬಿದ್ದದ್ದು. ಇದನ್ನು ಈಗಲೇ ತಲೆಯಲ್ಲಿಟ್ಟುಕೊಳ್ಳಿ, ಮಧ್ಯಾಹ್ನ ಬೇಕಾಗುತ್ತದೆ.

ಆಫೀಸಿನ ಒಳಗೆ ಬನ್ನಿ. ಕರಿಹೆಂಚಿನ ಮಾಡು, ಗೋಡೆಯಲ್ಲಿ ಕಾಫಿ ಬೋರ್ಡಿನ ಹಳೆಯ ಕ್ಯಾಲೆಂಡರ್. ಗಾಜಿನ ಕಪಾಟಿನೊಳಗೆ ಹಗಲಲ್ಲೂ ಒಂದು ಬಲ್ಬು ಉರಿಯುತ್ತಿದೆ, ಪುಸ್ತಕಕ್ಕೆ ತೇವ ಹಿಡಿಯದಿರಲಿ ಎಂದು. ಚೆಕ್‌ರೋಲ್ ಪುಸ್ತಕಗಳು ಒಂದು ಸಾಲು, ಮಳೆ ಪುಸ್ತಕಗಳು ಇನ್ನೊಂದು ಸಾಲು. ಮೂಲೆಯಲ್ಲಿ ಕಂಪ್ಯೂಟರ್, ಅದರ ಪಕ್ಕದಲ್ಲಿ ಕುಂಯ್‌ಗುಡುವ ಯುಪಿಎಸ್. ಯಜಮಾನಿ ಅಮ್ಮ ಕಾಫಿ ತಂದಿಟ್ಟು ಎದುರಿಗೇ ಕೂರುತ್ತಾರೆ.

"ನಂಗೆ ಬೇಕಾಗಿರೋದು ಒಂದೇ. ಹೂ ಮಳೆ ಬಂದ್ಮೇಲೆ ಬ್ಯಾಕಿಂಗ್ ಎಷ್ಟು ದಿನಕ್ಕೆ ಬಂತು, ಆ ವರ್ಷ ಯಾವ ಪಟ್ಟೇಲಿ ಎಷ್ಟು ಚೀಲ ಆಯ್ತು. ನಮ್ಮವರಿಗೆ ಬಾಯಲ್ಲೇ ಬರ್ತಿತ್ತು. ಈಗ ಅವ್ರಿಲ್ಲ. ಮಗಳು ಕೇಳ್ತಾಳೆ, ನಂಗೆ ಹೇಳಕ್ಕಾಗಲ್ಲ."

ಇದು ಸಣ್ಣ ಪ್ರಶ್ನೆಯಲ್ಲ. ರೊಬಸ್ಟಾ ಗಿಡ ಫೆಬ್ರವರಿ, ಮಾರ್ಚಿನಲ್ಲಿ ಒಂದು ಇಂಚಿನಷ್ಟು ಮಳೆಗೆ ಕಾದು ಕೂತಿರುತ್ತದೆ. ಬಿದ್ದರೆ ವಾರ ಹತ್ತು ದಿನದಲ್ಲಿ ತೋಟವೆಲ್ಲ ಬಿಳಿ. ಆದರೆ ಎರಡು ಮೂರು ವಾರದೊಳಗೆ ಇನ್ನೊಂದು ಮಳೆ, ಅಂದರೆ ಬ್ಯಾಕಿಂಗ್, ಬಂದು ಕೈಹಿಡಿಯದಿದ್ದರೆ ಕಾಯಿ ಕಟ್ಟುವುದು ಕಷ್ಟ. ಬೆಳೆಗಾರರ ಇಡೀ ವರ್ಷ ಈ ಎರಡು ಮಳೆಗಳ ನಡುವೆ ತೂಗುತ್ತಿರುತ್ತದೆ. ಸ್ಪ್ರಿಂಕ್ಲರ್ ಯಾವಾಗ ಹೂಡಬೇಕು, ಡೀಸೆಲ್ ಎಷ್ಟು ತರಿಸಬೇಕು, ಕೆರೆ ನೀರು ಸಾಕಾಗುತ್ತದೆಯೇ ಎಂಬುದೆಲ್ಲ ಇದೇ ಪ್ರಶ್ನೆಯ ಬಾಲ. ಬಾಳೆಹೊನ್ನೂರಿನ ಹತ್ತಿರ 1925ರಲ್ಲಿ ಮೈಸೂರು ಸರ್ಕಾರ ಕಾಫಿ ಸಂಶೋಧನಾ ಕೇಂದ್ರ ತೆರೆದು ನೂರು ವರ್ಷ ತುಂಬಿದೆ. ಅಲ್ಲಿ ತಳಿ ಸಿಗುತ್ತದೆ, ರೋಗಕ್ಕೆ ಮದ್ದು ಸಿಗುತ್ತದೆ, ಸಲಹೆ ಸಿಗುತ್ತದೆ. ಈ ಗುಡ್ಡದ ಈ ಮಗ್ಗುಲಲ್ಲಿ ಬಿದ್ದ ಮಳೆಯ ಲೆಕ್ಕ ಮಾತ್ರ ಈ ಕಪಾಟಿನಲ್ಲೇ ಇರಬೇಕು.

ಈಗ ಕಂಪ್ಯೂಟರಿನ ಮುಂದೆ ಕೂರಿ. ಡೇಟಾಬೇಸ್ ಮೈಎಸ್‌ಕ್ಯುಎಲ್. ಒಳಗೆ ನಾಲ್ಕು ಟೇಬಲ್: ಮಳೆ, ಕೊಯ್ಲು, ಪಟ್ಟೆ ಅಂದರೆ ತೋಟದ ಭಾಗಗಳ ಪಟ್ಟಿ, ಕೆಲಸಗಾರರ ಚೆಕ್‌ರೋಲ್. 1970ರಲ್ಲಿ ಎಡ್ಗರ್ ಕಾಡ್ ಎಂಬ ಐಬಿಎಂ ಗಣಿತಜ್ಞರು ಮಾಹಿತಿಯನ್ನು ಹೀಗೆ ಸಾಲು ಕಂಬಗಳ ಕೋಷ್ಟಕಗಳಲ್ಲಿ ಇಟ್ಟರೆ ಯಾವ ಪ್ರಶ್ನೆಯನ್ನಾದರೂ ಕೇಳಬಹುದು ಎಂದು ತೋರಿಸಿದರು. ನಾಲ್ಕು ವರ್ಷದ ನಂತರ ಡೊನಾಲ್ಡ್ ಚೇಂಬರ್ಲಿನ್ ಮತ್ತು ರೇಮಂಡ್ ಬಾಯ್ಸ್ ಅದಕ್ಕೊಂದು ಪ್ರಶ್ನಿಸುವ ಭಾಷೆ ಕೊಟ್ಟರು. ಅಷ್ಟು ಹಳೆಯ ಭಾಷೆ ಇವತ್ತಿಗೂ ಕಳಸದ ತೋಟದ ಆಫೀಸಿನಲ್ಲಿ ಕೆಲಸ ಮಾಡುತ್ತಿದೆ.

ಮೊದಲ ಕೆಲಸ ಜೋಡಿಸುವುದಲ್ಲ, ತಡೆ ಹಾಕುವುದು. ಪ್ಲಾಟ್‌ಫಾರ್ಮಿಗಾಗಿ ಹೊಸ ಬಳಕೆದಾರನನ್ನು ಮಾಡಿ, ‘ನೋಟ’ ಎಂದು ಹೆಸರಿಡಿ. ಅದಕ್ಕೆ ಸೆಲೆಕ್ಟ್ ಎಂಬ ಒಂದೇ ಅನುಮತಿ ಕೊಡಿ. ಇನ್ಸರ್ಟ್, ಅಪ್‌ಡೇಟ್, ಡಿಲೀಟ್ ಯಾವುದೂ ಬೇಡ. ಗೋಡೌನಿನ ಬೀಗದ ಕೈ ಕೊಡದೆ ಕಿಟಕಿಯಿಂದ ಚೀಲ ಎಣಿಸಲು ಬಿಟ್ಟ ಹಾಗೆ. ಅಡ್ಮಿನ್ ಪಾಸ್‌ವರ್ಡನ್ನೇ ಪ್ಲಾಟ್‌ಫಾರ್ಮಿಗೆ ಕೊಟ್ಟು ಕೈತೊಳೆದುಕೊಳ್ಳುವ ಪದ್ಧತಿ ಬೇಕಾದಷ್ಟು ಕಡೆ ಇದೆ. ಅದು ತಪ್ಪು, ಮುಲಾಜಿಲ್ಲದೆ ತಪ್ಪು. ಎಲ್ಲೋ ದೂರದಲ್ಲಿ ಆ ಪಾಸ್‌ವರ್ಡ್ ಸೋರಿಹೋದರೆ ಹಲವು ವರ್ಷದ ಲೆಕ್ಕ ಒಂದು ಸಾಲಿನ ಆಜ್ಞೆಗೆ ಅಳಿಸಿಹೋಗುತ್ತದೆ.

ಸೆಲೆಕ್ಟ್ ಅನುಮತಿಯೂ ಎಲ್ಲ ಟೇಬಲಿಗೆ ಬೇಡ. ಚೆಕ್‌ರೋಲ್ ತೆರೆದು ನೋಡಿ: ಲೈನ್ ಮನೆಗಳಲ್ಲಿರುವ ಕೆಲಸಗಾರರ ಹೆಸರು, ಕೂಲಿ, ಮುಂಗಡ ಸಾಲ, ಬ್ಯಾಂಕ್ ಖಾತೆ, ಆಧಾರ್. ಹೂ ಮಳೆಯ ಪ್ರಶ್ನೆಗೂ ಇದಕ್ಕೂ ಯಾವ ಸಂಬಂಧವೂ ಇಲ್ಲ. 2023ರಲ್ಲಿ ಡಿಜಿಟಲ್ ವೈಯಕ್ತಿಕ ಮಾಹಿತಿ ಸಂರಕ್ಷಣಾ ಕಾಯ್ದೆ ಬಂದಿದೆ. ಕಾಯ್ದೆ ಇಲ್ಲದಿದ್ದರೂ ಬಡವರ ಸಾಲದ ಲೆಕ್ಕವನ್ನು ಊರಾಚೆಯ ಪರದೆಗೆ ಕಳಿಸಬಾರದು. ಮಳೆ, ಕೊಯ್ಲು, ಪಟ್ಟೆ, ಮೂರೇ ಮೂರಕ್ಕೆ ಅನುಮತಿ ಕೊಟ್ಟು ಮುಂದೆ ಹೋಗಿ.

ಇನ್ನು ದಾರಿ. ಮೈಎಸ್‌ಕ್ಯುಎಲ್ 3306 ಎಂಬ ಪೋರ್ಟಿನಲ್ಲಿ ಕಿವಿಗೊಟ್ಟು ಕೂತಿರುತ್ತದೆ. ರೌಟರಿನಲ್ಲಿ ಆ ಪೋರ್ಟನ್ನು ಹೊರಕ್ಕೆ ತೆರೆದರೆ ಕೆಲಸ ಮುಗಿಯಿತಲ್ಲ ಎಂದು ಕೈ ತುರಿಸುತ್ತದೆ. ತೆರೆಯಬೇಡಿ. ತೆರೆದ 3306ಗಳನ್ನು ಹುಡುಕುತ್ತಾ ಜಗತ್ತಿನ ಒಂದೊಂದು ವಿಳಾಸವನ್ನೂ ಹಗಲು ರಾತ್ರಿ ತಟ್ಟುವ ಯಂತ್ರಗಳಿವೆ. ಕಳಸ ದೂರದ ಊರು ಎಂಬುದು ಅವಕ್ಕೆ ಗೊತ್ತಿಲ್ಲ. ಇನ್ನೂ ಒಂದು ಸಂಗತಿ: ಬಹಳಷ್ಟು ಕಡೆ ಮನೆಯ ಬ್ರಾಡ್‌ಬ್ಯಾಂಡಿನಲ್ಲಿ ಒಂದೇ ಸಾರ್ವಜನಿಕ ವಿಳಾಸವನ್ನು ಎಷ್ಟೋ ಮನೆಗಳು ಹಂಚಿಕೊಂಡಿರುತ್ತವೆ. ಹೊರಗಿನಿಂದ ಒಳಕ್ಕೆ ಬರುವ ದಾರಿಯೇ ಅಲ್ಲಿ ಇರುವುದಿಲ್ಲ.

ಹಾಗಾಗಿ ಉಲ್ಟಾ ಹೋಗಿ. ಒಳಗಿನಿಂದ ಹೊರಕ್ಕೆ ದಾರಿ ಇದೆ. ಮುಂಬೈಯಲ್ಲಿ ಬಾಡಿಗೆಗೆ ಸಿಗುವ ಸಣ್ಣ ಕ್ಲೌಡ್ ಸರ್ವರಿನಲ್ಲಿ ಇದೇ ಡೇಟಾಬೇಸಿನ ಒಂದು ನಕಲು ಇಡಿ, ಆ ಮೂರು ಟೇಬಲಿನದು ಮಾತ್ರ. ತೋಟದ ಕಂಪ್ಯೂಟರ್ ದಿನಾ ಬೆಳಿಗ್ಗೆ ಒಂಬತ್ತಕ್ಕೆ, ಎಸ್‌ಎಸ್‌ಎಚ್ ಎಂಬ ಗೂಢಲಿಪಿಯ ಸುರಂಗದೊಳಗಿಂದ, ಹೊಸ ಸಾಲುಗಳನ್ನು ಅಲ್ಲಿಗೆ ತಳ್ಳಲಿ. ಪ್ಲಾಟ್‌ಫಾರ್ಮ್ ನೋಡುವುದು ನಕಲನ್ನು, ಮೂಲವನ್ನಲ್ಲ. ಮಲೆನಾಡಿಗೆ ಇದೇ ಸರಿ. ಇಲ್ಲಿ ಮಳೆಗಾಲದಲ್ಲಿ ಮರ ಬಿದ್ದರೆ ಕರೆಂಟೂ ಇಲ್ಲ, ಕೇಬಲೂ ಇಲ್ಲ. ಎರಡು ದಿನ ಆಗಬಹುದು, ವಾರವೂ ಆಗಬಹುದು. ಲೈನು ಬಂದ ದಿನ ಬಾಕಿ ಸಾಲುಗಳೆಲ್ಲ ಒಟ್ಟಿಗೆ ಹೋಗುತ್ತವೆ, ಮಗಳ ಪರದೆ ಅಲ್ಲಿಯವರೆಗೂ ಹಳೆಯ ಲೆಕ್ಕ ತೋರಿಸುತ್ತಾ ಇರುತ್ತದೆ.

ಪ್ಲಾಟ್‌ಫಾರ್ಮ್ ಮೆಟಾಬೇಸ್. ಮುಕ್ತ ತಂತ್ರಾಂಶವಾದ್ದರಿಂದ ಅದೇ ಸಣ್ಣ ಸರ್ವರಿನ ಪಕ್ಕದಲ್ಲೇ ಕೂರಿಸಬಹುದು. ಪವರ್ ಬಿಐ ಆಗಲಿ, ಲುಕರ್ ಸ್ಟುಡಿಯೊ ಆಗಲಿ, ಕೇಳುವ ವಿವರ ಹೆಚ್ಚು ಕಡಿಮೆ ಇವೇ: ಸರ್ವರಿನ ವಿಳಾಸ, ಪೋರ್ಟ್, ಡೇಟಾಬೇಸಿನ ಹೆಸರು, ಬಳಕೆದಾರ, ಪಾಸ್‌ವರ್ಡ್, ಎಸ್‌ಎಸ್‌ಎಲ್ ಬೇಕೇ. ತುಂಬಿಸಿ ಗುಂಡಿ ಒತ್ತುತ್ತೀರಿ. ಕೆಂಪು ಅಕ್ಷರ ಬರುತ್ತದೆ, ತಪ್ಪು ಸಂಖ್ಯೆ 1130: ಈ ಜಾಗದಿಂದ ಬರಲು ನಿಮಗೆ ಅಪ್ಪಣೆ ಇಲ್ಲ. ಮೈಎಸ್‌ಕ್ಯುಎಲ್ ದೃಷ್ಟಿಯಲ್ಲಿ ಬಳಕೆದಾರ ಎಂದರೆ ಬರೀ ಹೆಸರಲ್ಲ. ಹೆಸರು ಮತ್ತು ಬರುವ ವಿಳಾಸ ಎರಡೂ ಸೇರಿ ಒಬ್ಬ. ನಕಲಿನಲ್ಲೂ ‘ನೋಟ’ವನ್ನು ಒಳಗಿನ ವಿಳಾಸಕ್ಕೆ ಮಾತ್ರ ಹುಟ್ಟಿಸಿದ್ದೀರಿ. ಮೆಟಾಬೇಸ್ ಇರುವ ವಿಳಾಸವನ್ನು ಸೇರಿಸಿ ಮತ್ತೆ ಒತ್ತಿ. ಹಸಿರು ಬರುತ್ತದೆ. ಟೇಬಲುಗಳ ಹೆಸರು ಒಂದೊಂದಾಗಿ ಮೂಡುತ್ತವೆ, ಅಮ್ಮ ಕುರ್ಚಿ ಹತ್ತಿರ ಎಳೆದುಕೊಳ್ಳುತ್ತಾರೆ. ತಂತಿ ಕೂಡಿಸುವ ಕೆಲಸ ಇಷ್ಟೇ, ಹನ್ನೊಂದು ಗಂಟೆಗೆ ಮುಗಿಯಿತು.

ನಿಜವಾದ ಕೆಲಸ ಈಗ.

ಮಳೆಯ ನಕ್ಷೆ ತೆರೆಯಿರಿ. ವರ್ಷಗಟ್ಟಲೆ ಏನೂ ಇಲ್ಲದ ಹಾಗೆ ನೆಲಕ್ಕೆ ಅಂಟಿದ ಗೆರೆ, ನಡುವೆ ನಾಲ್ಕೈದು ವರ್ಷ ಆಕಾಶಕ್ಕೆ ಚಿಮ್ಮಿದೆ. ಒಂದು ದಿನ 342 ಇಂಚು ಮಳೆ ಬಂದಿದೆ ಅನ್ನುತ್ತದೆ ಪರದೆ. ರೈಟರ್ ಬಗ್ಗಿ ನೋಡಿ, "ಅದು ನನಗಿಂತ ಮುಂಚೆ ಇದ್ದ ರೈಟ್ರು ಹಾಕಿದ್ದು. ಅವ್ರು ಕಂಪ್ಯೂಟರಿಗೆ ಸೆಂಟ್ಸ್ ಲೆಕ್ಕದಲ್ಲೇ ಹಾಕ್ತಿದ್ರು" ಅನ್ನುತ್ತಾರೆ. ದೊಡ್ಡ ಸಂಖ್ಯೆಗಳನ್ನೆಲ್ಲ ನೂರರಿಂದ ಭಾಗಿಸಿದರಾಯಿತು ಎಂದುಕೊಳ್ಳಬೇಡಿ. ಜೂನ್ ತಿಂಗಳ ಒಂದು ಸಾಲಿನಲ್ಲಿ ಬರೀ ‘5’ ಇದೆ. ಐದು ಇಂಚೋ, ಐದು ಸೆಂಟ್ಸೋ? ಎರಡೂ ಜೂನಿನಲ್ಲಿ ಬರಬಹುದಾದ ಮಳೆಯೇ. ಸಂಖ್ಯೆಯ ಗಾತ್ರ ನೋಡಿ ಇದನ್ನು ತೀರ್ಮಾನಿಸಲು ಆಗುವುದಿಲ್ಲ. ಕಪಾಟಿನ ಪುಸ್ತಕವೇ ಬೇಕು. ರೈಟರ್ ಆ ವರ್ಷದ್ದನ್ನು ಇಳಿಸಿ, ಪುಟ ತಿರುವಿ, ಬೆರಳಿಡುತ್ತಾರೆ: ‘0-05’. ಐದು ಸೆಂಟ್ಸ್.

ಇಂಚು, ಅಡ್ಡಗೆರೆ, ಸೆಂಟ್ಸ್: ಪುಸ್ತಕದ ಉದ್ದಕ್ಕೂ ಇದೇ ಕ್ರಮ. ಇದನ್ನೇ ಯಾರೋ ಒಂದು ಕಾಲದಲ್ಲಿ ಎಕ್ಸೆಲ್‌ನಲ್ಲಿ ಟೈಪ್ ಮಾಡಿ ಡೇಟಾಬೇಸಿಗೆ ಸೇರಿಸಿದ್ದಾರೆ. ಎಕ್ಸೆಲ್ ‘3-42’ ಎಂಬುದನ್ನು ಮಳೆ ಎಂದು ಓದುವುದಿಲ್ಲ, 1942ರ ಮಾರ್ಚ್ ತಿಂಗಳು ಎಂದು ಓದುತ್ತದೆ. ‘5-10’ ಅಂದರೆ ಅಕ್ಟೋಬರ್ 5. ಹೀಗೆ ಎಷ್ಟೋ ಮಳೆಗಳು ತಾರೀಕುಗಳಾಗಿ ಕೂತಿವೆ. ಇವನ್ನು ಹಿಂದಕ್ಕೆ ತಿರುಗಿಸಬಹುದು, ಆದರೆ ಮೂಲ ಟೇಬಲಿನಲ್ಲಿ ಕೈಯಾಡಿಸಬೇಡಿ. ಅದರ ಮೇಲೆ ಒಂದು ವ್ಯೂ ಬರೆಯಿರಿ. ವ್ಯೂ ಎಂದರೆ ಉಳಿಸಿಟ್ಟ ಪ್ರಶ್ನೆ, ನೋಡಲು ಟೇಬಲಿನಂತೆಯೇ ಇರುತ್ತದೆ. ಯಾವ ತಾರೀಕಿನಿಂದ ಯಾವ ತಾರೀಕಿನವರೆಗೆ ಯಾರು ಟೈಪ್ ಮಾಡಿದ್ದು, ಅವರು ಇಂಚಿನವರೋ ಸೆಂಟ್ಸಿನವರೋ ಎಂಬುದನ್ನು ರೈಟರ್ ಹೇಳಿದಂತೆ ಅದರೊಳಗೆ ಬರೆಯಿರಿ. ಮೂಲ ಹಾಗೇ ಇರಲಿ. ನಾಳೆ ನಿಮ್ಮ ತೀರ್ಮಾನ ತಪ್ಪೆಂದು ಯಾರಿಗಾದರೂ ಅನ್ನಿಸಿದರೆ ಅವರು ತಿದ್ದಬೇಕಾದ್ದು ವ್ಯೂ ಒಂದನ್ನೇ.

ಆಮೇಲೆ ಖಾಲಿ ಕೋಣೆಗಳು. ಕೆಲವು ದಿನ ಸೊನ್ನೆ, ಕೆಲವು ದಿನ ಏನೂ ಇಲ್ಲ. ಏನೂ ಇಲ್ಲದ್ದನ್ನು ಎಸ್‌ಕ್ಯುಎಲ್ ನಲ್ ಅನ್ನುತ್ತದೆ. ಸೊನ್ನೆಯೆಂದು ಎಣಿಸುವುದಿಲ್ಲ, ಸರಾಸರಿ ತೆಗೆಯುವಾಗ ಆ ದಿನವನ್ನೇ ಬಿಟ್ಟುಬಿಡುತ್ತದೆ. ನಕ್ಷೆ ಚೆಂದ ಕಾಣಲಿ ಎಂದು ಖಾಲಿಗಳಿಗೆಲ್ಲ ಸೊನ್ನೆ ತುಂಬುವ ಒಂದು ಆಯ್ಕೆ ಪ್ಲಾಟ್‌ಫಾರ್ಮಿನಲ್ಲಿದೆ. ಒತ್ತುವ ಮುಂಚೆ ರೈಟರನ್ನು ಕೇಳಿ.

"ಸೊನ್ನೆ ಅಂದ್ರೆ ನೋಡಿದೀನಿ, ಮಳೆ ಇಲ್ಲ. ಖಾಲಿ ಅಂದ್ರೆ ನಾನೇ ಇರ್ಲಿಲ್ಲ. ಊರಿಗೆ ಹೋಗಿರ್ತೀನಿ, ಇಲ್ಲಾ ಕಳಸದ ಜಾತ್ರೆ. ಮಾರನೇ ದಿನದ್ರಲ್ಲಿ ಎರಡು ದಿನದ್ದೂ ಸೇರಿರುತ್ತೆ."

ಒಂದು ಖಾಲಿ ಕೋಣೆ, ಅದರ ಮುಂದಿನ ಕೋಣೆಯಲ್ಲಿ ಎರಡು ದಿನದ ನೀರು. ವರ್ಷದ ಮೊತ್ತಕ್ಕೆ ಇದರಿಂದ ತೊಂದರೆ ಇಲ್ಲ. ಆದರೆ ಒಂದೇ ದಿನದಲ್ಲಿ ಅತಿ ಹೆಚ್ಚು ಬಿದ್ದ ಮಳೆ ಯಾವುದು ಎಂದು ಕೇಳಿದರೆ ಉತ್ತರ ಸುಳ್ಳಾಗುತ್ತದೆ. ಮಳೆ ದಿನಗಳ ಎಣಿಕೆಯೂ ತಪ್ಪುತ್ತದೆ. ಹವಾಮಾನ ಇಲಾಖೆಗೆ 2.5 ಮಿಲಿಮೀಟರ್ ಅಥವಾ ಅದಕ್ಕಿಂತ ಹೆಚ್ಚಾದರೆ ಅದು ಮಳೆ ದಿನ; ತೋಟದ ಲೆಕ್ಕದಲ್ಲಿ ಹೆಚ್ಚು ಕಡಿಮೆ ಹತ್ತು ಸೆಂಟ್ಸ್. ಇಂಥ ಸೇರಿದ ದಿನಗಳಿಗೆ ವ್ಯೂನಲ್ಲಿ ಒಂದು ಗುರುತು ಇಡಿ.

ಮಧ್ಯಾಹ್ನವಾಗಿದೆ. ಅಕ್ಕಿರೊಟ್ಟಿ, ಕಳಲೆ ಪಲ್ಯ. ಊಟ ಮುಗಿಸಿ ಬಂದು ನೋಡಿದರೆ ಬೆಳಿಗ್ಗೆ ಬರೆದ ಮೂರು ಇಂಚು ನಲವತ್ತೆರಡು ನಕ್ಷೆಯಲ್ಲಿ ನಿನ್ನೆಯ ತಾರೀಕಿಗೆ ಕೂತಿದೆ. ಕಾರಣ ಗಡಿಯಾರ. ತಾರೀಕಿನ ಕಂಬದಲ್ಲಿ ದಿನದ ಜೊತೆ ರಾತ್ರಿ ಹನ್ನೆರಡು ಗಂಟೆ ಎಂಬ ಸಮಯವೂ ಸೇರಿಕೊಂಡಿದೆ. ಸರ್ವರ್ ಇರುವುದು ಗ್ರೀನ್‌ವಿಚ್ ಹೊತ್ತಿನಲ್ಲಿ. ನಮ್ಮ ಮಧ್ಯರಾತ್ರಿ ಅಲ್ಲಿ ಹಿಂದಿನ ದಿನದ ಸಂಜೆ ಆರೂವರೆ. ಮಳೆ ನಿಜಕ್ಕೂ ನಿನ್ನೆಯದೇ ಅಲ್ಲವೇ, ಹಾಗೇ ಇರಲಿ ಬಿಡಿ ಎಂದು ಅನ್ನಿಸಬಹುದು. ಬಿಡಬೇಡಿ. ಎಂಟೂವರೆಯ ನಿಯಮ ಬೇರೆ, ಗಡಿಯಾರದ ತಪ್ಪು ಬೇರೆ. ತಾರೀಕಿನ ಕಂಬದಿಂದ ಸಮಯ ಕಿತ್ತು ಬರೀ ದಿನ ಉಳಿಸಿ, ಪ್ಲಾಟ್‌ಫಾರ್ಮಿನ ಹೊತ್ತನ್ನು ಏಷ್ಯಾ/ಕೋಲ್ಕತಾ ಮಾಡಿ, ನಕ್ಷೆಯ ಕೆಳಗೆ ‘ಈ ತಾರೀಕಿನ ಬೆಳಿಗ್ಗೆ 8:30ಕ್ಕೆ ಮುಗಿದ 24 ಗಂಟೆ’ ಎಂದು ಬರೆಯಿರಿ.

ಒಂದು ದಿನ ಹಿಂದೆ ಮುಂದೆ ಆದರೆ ಏನಾಯಿತು ಎನ್ನುವವರು 2019ರ ಆಗಸ್ಟ್ ನೆನಪು ಮಾಡಿಕೊಳ್ಳಬೇಕು. ಮೂಡಿಗೆರೆ ತಾಲ್ಲೂಕಿನ ಮಲೆಮನೆಯಲ್ಲಿ ಗುಡ್ಡ ಜಾರಿ ಮನೆಗಳು ಹೋದವು, ಚಾರ್ಮಾಡಿ ಘಾಟಿಯ ರಸ್ತೆ ಮುಚ್ಚಿತು. ಗುಡ್ಡ ಜಾರುವ ಮುಂಚೆ ಎಷ್ಟು ದಿನ, ಎಷ್ಟು ಇಂಚು ಬಿದ್ದಿತ್ತು ಎಂದು ಕೇಳುವಾಗ ತಾರೀಕು ಒಂದು ದಿನ ಆಚೀಚೆಯಾದರೆ ಗುಡ್ಡ ಮೊದಲು ಜಾರಿ ಮಳೆ ಆಮೇಲೆ ಬಂದಂತೆ ಕಾಣುತ್ತದೆ.

ವಿಮೆಯ ಜಗಳವೂ ಇಲ್ಲೇ ಇದೆ. ಬೆಂಗಳೂರಿನ ಕರ್ನಾಟಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರ, 1988ರಲ್ಲಿ ಬರ ಉಸ್ತುವಾರಿ ಘಟಕವಾಗಿ ಹುಟ್ಟಿದ್ದು, ಇಂದು ರಾಜ್ಯದ ಗ್ರಾಮ ಪಂಚಾಯಿತಿಗಳಲ್ಲಿ ಆರು ಸಾವಿರಕ್ಕೂ ಹೆಚ್ಚು ಸ್ವಯಂಚಾಲಿತ ಮಳೆಮಾಪಕ ನಡೆಸುತ್ತಿದೆ. ಹದಿನೈದು ನಿಮಿಷಕ್ಕೊಮ್ಮೆ ಮೊಬೈಲ್ ಜಾಲದ ಮೂಲಕ ಲೆಕ್ಕ ಬರುತ್ತದೆ. ತುಂಬಾ ದೊಡ್ಡ ಕೆಲಸ. ಅಡಿಕೆ, ಕಾಳುಮೆಣಸಿನ ಹವಾಮಾನ ಆಧಾರಿತ ಬೆಳೆ ವಿಮೆ ತೀರ್ಮಾನವಾಗುವುದು ಪಂಚಾಯಿತಿಯ ಆ ಮಾಪಕದ ಮೇಲೆ, ರೈಟರ್ ಗ್ಲಾಸಿನ ಮೇಲಲ್ಲ. ಆದರೆ ಮಲೆನಾಡಿನಲ್ಲಿ ಗುಡ್ಡದ ಈ ಮಗ್ಗುಲಿನ ಮಳೆ ಆ ಮಗ್ಗುಲಿಗೆ ಇರುವುದಿಲ್ಲ. ಕೊಟ್ಟಿಗೆಹಾರದಲ್ಲಿ ಕೊಡೆ ಮುರಿಯುವ ದಿನ ಚಿಕ್ಕಮಗಳೂರಿನಲ್ಲಿ ಬಿಸಿಲಿರಬಹುದು. ಎರಡೂ ಲೆಕ್ಕ ಅಕ್ಕಪಕ್ಕ ಇಟ್ಟು, ಇಂತಿಂಥ ದಿನ ವ್ಯತ್ಯಾಸ ಇಷ್ಟು ಎಂದು ತಾರೀಕು ಸಮೇತ ಹೇಳುವ ಬೆಳೆಗಾರನ ಮಾತಿಗೂ, "ನಮ್ಮಲ್ಲಿ ಜಾಸ್ತಿ ಬಂದಿತ್ತು" ಎನ್ನುವವನ ಮಾತಿಗೂ ತೂಕ ಬೇರೆ.

ಈಗ ಅಮ್ಮನ ಪ್ರಶ್ನೆಗೆ ಬನ್ನಿ. ಮಳೆಯನ್ನೂ ಕೊಯ್ಲನ್ನೂ ವರ್ಷದ ಮೇಲೆ ಕೂಡಿಸುತ್ತೀರಿ. ಪರದೆಯ ಪ್ರಕಾರ ಹೂ ಮಳೆ ಸರಿಯಾಗಿ ಬಂದ ವರ್ಷ ಬೆಳೆ ಕಡಿಮೆ, ಕೈಕೊಟ್ಟ ವರ್ಷ ಹೆಚ್ಚು. ಅಮ್ಮ ತಲೆಯಾಡಿಸುತ್ತಾರೆ. "ಆಗಲ್ಲ. ಎಲ್ಲೋ ತಪ್ಪಿದೆ."

ತಪ್ಪಿದೆ. 2023ರ ಮಾರ್ಚಿನ ಹೂವು ಕಣಕ್ಕೆ ಬರುವುದು 2023ರ ಡಿಸೆಂಬರಿನಿಂದ 2024ರ ಮಾರ್ಚಿನವರೆಗೆ. ಕ್ಯಾಲೆಂಡರ್ ವರ್ಷದಲ್ಲಿ ಕೂಡಿಸಿದರೆ ಒಂದೇ ಕೊಯ್ಲು ಎರಡು ತುಂಡಾಗುತ್ತದೆ. ಅಕ್ಟೋಬರಿನಿಂದ ಸೆಪ್ಟೆಂಬರಿನವರೆಗಿನ ಕಾಫಿ ವರ್ಷದಲ್ಲಿ ಕೂಡಿಸಿದರೂ ಹೂವು ಒಂದು ವರ್ಷಕ್ಕೆ, ಅದರ ಹಣ್ಣು ಮುಂದಿನ ವರ್ಷಕ್ಕೆ ಬೀಳುತ್ತದೆ. ಈ ಕಾಫಿ ವರ್ಷದ ಕೊಯ್ಲಿಗೆ ಹಿಂದಿನ ಕಾಫಿ ವರ್ಷದ ಹೂ ಮಳೆಯನ್ನು ಜೋಡಿಸಿ. ಪ್ರಶ್ನೆಯಲ್ಲಿ ಬದಲಾಗುವುದು ಒಂದೇ ಒಂದು ಅಂಕಿ. ಆ ಅಂಕಿ ಯಾವ ಪ್ಲಾಟ್‌ಫಾರ್ಮಿಗೂ ಗೊತ್ತಿಲ್ಲ, ಗಿಡ ನೋಡಿದವರಿಗೆ ಮಾತ್ರ ಗೊತ್ತು.

ನಕ್ಷೆ ಮತ್ತೆ ಮೂಡುತ್ತದೆ. ಹಳ್ಳದ ಪಟ್ಟೆ ಬ್ಯಾಕಿಂಗ್ ತಡವಾದರೂ ತಡೆದುಕೊಂಡಿದೆ, ಗುಡ್ಡೆ ಪಟ್ಟೆ ಪ್ರತಿ ಸಲವೂ ಸೋತಿದೆ. ಅಮ್ಮ ತುಂಬ ಹೊತ್ತು ನೋಡಿ, "ಸ್ಪ್ರಿಂಕ್ಲರ್ ಪೈಪು ಮೊದಲು ಗುಡ್ಡೆ ಪಟ್ಟೆಗೇ ಎಳೀಬೇಕು ಅಂತ ಅವ್ರು ಹೇಳ್ತಿದ್ರು" ಅನ್ನುತ್ತಾರೆ. ರೈಟರ್ ಹೌದೆಂದು ತಲೆಯಾಡಿಸುತ್ತಾರೆ.

ಸರ್ವರಿನ ಬಾಡಿಗೆ ಕಟ್ಟುತ್ತಾ ಹೋದರೆ ಪ್ಲಾಟ್‌ಫಾರ್ಮ್ ಇರುತ್ತದೆ. ಕೆಟ್ಟರೆ ಇನ್ನೊಂದು ಸಿಗುತ್ತದೆ, ಜೋಡಿಸಲು ಅರ್ಧ ದಿನ ಸಾಕು. ‘0-05’ ಎಂದು ಬರೆದ ಪುಟ ಒದ್ದೆಯಾಗಿ ಹೋದರೆ, ಖಾಲಿ ಕೋಣೆಯ ಅರ್ಥ ಬಲ್ಲ ರೈಟರ್ ಕೆಲಸ ಬಿಟ್ಟು ಊರಿಗೆ ಹೋದರೆ, ಮತ್ತೆ ಸಿಗುವುದಿಲ್ಲ. ನಿಮ್ಮ ತೋಟದಲ್ಲೂ ಹಳೆಯ ಮಳೆ ಪುಸ್ತಕಗಳಿದ್ದರೆ ಈ ಮಳೆಗಾಲ ಮುಗಿಯುವುದರೊಳಗೆ ಪುಟಪುಟದ ಫೋಟೊ ತೆಗೆದಿಡಿ. ಬರೆದವರು ಇನ್ನೂ ಇದ್ದರೆ ಪಕ್ಕದಲ್ಲಿ ಕೂರಿಸಿಕೊಂಡು, ಯಾವ ಗುರುತಿಗೆ ಏನರ್ಥ ಎಂದು ಕೇಳಿ ಬರೆದುಕೊಳ್ಳಿ. ಡೇಟಾಬೇಸ್ ಜೋಡಿಸುವವರನ್ನು ಆಮೇಲೆ ಕರೆಸಿದರಾಯಿತು.